ತಳ ಕಂಡ ಪಾತ್ರೆ

ವಿಶ್ವವಿದ್ಯಾಲಯದ ಕ್ಯಾಂಟೀನಿನ ಮುಖ್ಯ ಅಡುಗೆಯವರನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಾರೆ. ಬಡಿಸುವ ಪಾತ್ರೆಯ ತಳ ಯಾರ ಕಣ್ಣಿಗೂ ಬೀಳಬಾರದು ಎಂಬುದು ಅವರ ಹಟವಾಗಿತ್ತು. ಕೊನೆಗೆ ಬಂದವರಿಗೂ ತುಂಬಿದ ಪಾತ್ರೆಯಿಂದಲೇ ಬಡಿಸಬೇಕು. ತಮ್ಮ ಕ್ಯಾಂಟೀನಿನಿಂದ ಒಬ್ಬರೂ ಹಸಿದು ಹೋಗಿಲ್ಲ ಎನ್ನುವಾಗ ಅವರ ತಲೆ ತಾನಾಗಿ ಮೇಲೇಳುತ್ತಿತ್ತು.

ಹಾಗೆ ತುಂಬಿದ ಪಾತ್ರೆ ಹೆಚ್ಚಿನ ದಿನಗಳಲ್ಲಿ ತುಂಬಿದಂತೆಯೇ ಉಳಿಯುತ್ತಿತ್ತು. ಅದನ್ನು ಹಿತ್ತಲಿನ ಗುಂಡಿಗೆ ಸುರಿಯುವವರು, ಅಲ್ಲೇ ತೋಟದ ಕೆಲಸ ನೋಡಿಕೊಳ್ಳುವ ಅವರ ಮೈದುನ.

"ಅತ್ತಿಗೆ, ನಿಮ್ಮ ಧಾರಾಳಕ್ಕೆ ಮಣ್ಣಿಗೂ ಅಜೀರ್ಣ ಆಗಿದೆ."

"ನಿನಗ್ಯಾಕೋ ಹೊಟ್ಟೆಯುರಿ? ನಿನ್ನ ಗಿಡಕ್ಕೆ ಗೊಬ್ಬರ ಆಯ್ತಲ್ಲ!"

ಒಂದು ಬೆಳಿಗ್ಗೆ ಮೈದುನ ಛೇಡಿಸಲಿಲ್ಲ. "ಬನ್ನಿ" ಎಂದು ಕರೆದೊಯ್ದರು. ಗುಂಡಿಯಲ್ಲಿ ಅನ್ನ ಕೊಳೆತು ಗುಳ್ಳೆ ಏಳುತ್ತಿತ್ತು. ಅದರ ಕಪ್ಪು ನೀರು ಜಿನುಗಿ ಇಳಿಜಾರಿನ ಕೊಳ ಸೇರಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಇದು ಗೊಬ್ಬರ ಅಲ್ಲ ಅತ್ತಿಗೆ. ಗಾಳಿಯಾಡದೆ ಕೊಳೀತಿದೆ. ಇದರ ಗ್ಯಾಸು ಭೂಮಿನ ಇನ್ನಷ್ಟು ಬಿಸಿ ಮಾಡುತ್ತೆ."

ದೊಡ್ಡಕ್ಕ ಮೂಗು ಮುಚ್ಚಿಕೊಳ್ಳಲಿಲ್ಲ. "ನಸುಕಿಗೆ ಎದ್ದು ಬೇಯಿಸಿದ್ದು ಇದಕ್ಕಾ?" ಎಂದರು, ಅಷ್ಟೇ.

ಮರುದಿನವೇ ದೊಡ್ಡ ಪಾತ್ರೆ ಅಟ್ಟ ಸೇರಿತು. ತರಕಾರಿ ಹೆಚ್ಚಿಟ್ಟುಕೊಂಡು, ಬಂದ ಜನ ನೋಡಿಕೊಂಡು, ಸಣ್ಣ ಪಾತ್ರೆಗಳಲ್ಲಿ ಮತ್ತೆ ಮತ್ತೆ ಬೇಯಿಸತೊಡಗಿದರು. ಗುಂಡಿಗೆ ಈಗ ಹೋಗುವುದು ಸಿಪ್ಪೆ ಮಾತ್ರ. ಮೈದುನ ಅದಕ್ಕೆ ಒಣ ಎಲೆ ಬೆರೆಸಿ ಮಗುಚುತ್ತಾರೆ. ಆದರೂ ದೊಡ್ಡಕ್ಕನ ಕಣ್ಣೆಲ್ಲ ಬಾಗಿಲ ಮೇಲೆ. ಒಬ್ಬರು ಹಸಿದು ಹೋದರೂ ಇಷ್ಟು ವರ್ಷ ಉಳಿಸಿಕೊಂಡ ಮಾತು ಮಣ್ಣುಪಾಲು.

ಹೆದರಿದ್ದು ಆಗಿಯೇ ಹೋಯಿತು. ಒಂದು ದಿನ ಕ್ಯಾಂಟೀನು ಮುಚ್ಚುವ ಹೊತ್ತಿಗೆ, ಪಾತ್ರೆಯೆಲ್ಲ ಖಾಲಿಯಾಗಿದ್ದಾಗ, ಪಂದ್ಯ ಸೋತು ಬಂದ ಹುಡುಗಿಯರ ಫುಟ್‌ಬಾಲ್ ತಂಡ ಒಳನುಗ್ಗಿತು.

"ಏನಕ್ಕಾ, ನೀವೇ ಪಾತ್ರೆ ನೆಕ್ಕಿಟ್ಟಿದೀರಾ?" ನಾಯಕಿ ಇಣುಕಿ ಕೇಳಿದಳು.

ದೊಡ್ಡಕ್ಕನ ಮುಖ ಕೆಂಪಾಯಿತು. ಕೈ ಆಗಲೇ ಒಲೆ ಹಚ್ಚಿತ್ತು. "ಮೊದಲು ಕೈಕಾಲು ತೊಳ್ಕೊಂಡು ಬನ್ರೇ! ಕಾದವರಿಗೆ ಊಟ, ಕಾಯದವರಿಗೆ ಬರೀ ಘಮ."

ಹುಡುಗಿಯರು ಗೊಣಗುತ್ತಲೇ ಕಾದರು. ಯಾರಿಂದ ಸೋತೆವು ಎಂಬ ಜಗಳ ಮುಗಿಯುವಷ್ಟರಲ್ಲಿ ತಟ್ಟೆಗಳಲ್ಲಿ ಹಬೆಯಾಡುತ್ತಿತ್ತು. ಅವು ಬೇಗಬೇಗ ಬರಿದಾದವು.

"ಅಕ್ಕಾ," ನಾಯಕಿಯೇ ತಟ್ಟೆ ಹಿಡಿದು ಮತ್ತೆ ಬಂದಳು. "ಇಷ್ಟು ದಿನ ಲೇಟಾಗಿ ಬಂದ್ರೆ ಬೆಟ್ಟದಷ್ಟು ಇರ್ತಿತ್ತು, ಎಲ್ಲ ಆರಿ ತಣ್ಣಗೆ. ನಾವು ಅರ್ಧ ಚೆಲ್ಲೋರು. ಇವತ್ತು ಇನ್ನೊಂದು ಸೌಟು ಹಾಕಿ."

ದೊಡ್ಡಕ್ಕ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಪಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಓರೆ ಮಾಡಿ ಹಿಡಿದು, ತಳವನ್ನು ಗರಗರನೆ ಬಳಿದು ಬಡಿಸಿದರು.