ನಮ್ಮ ಬಾತ್ಮೀದಾರರಿಂದ

ರೇಷ್ಮೆಗೂಡು ಬೇಯುವ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಮೊನ್ನೆ ಮೊಮ್ಮಗಳ ಮದುವೆಗೆ ಸೀರೆ ನೋಡಲೆಂದು ಕೊಳ್ಳೇಗಾಲಕ್ಕೆ ಹೋದವನು ದಾರಿ ತಪ್ಪಿ ಒಂದು ಸಂದಿಗೆ ನುಗ್ಗಿದೆ. ಆ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಜೊತೆಗಿದ್ದವರು ಸೆರಗು, ಕರ್ಚೀಫು ಹುಡುಕತೊಡಗಿದರು. ನಾನು ಅಲ್ಲೇ ನಿಂತುಬಿಟ್ಟೆ. ‘ಯಾಕೆ ತಾತ, ತಲೆ ಸುತ್ತುತ್ತಾ?’ ಎಂದಳು ಮೊಮ್ಮಗಳು. ಏನೋ ಒಂದು ಹೇಳಿ ಜಾರಿಕೊಂಡೆ. ನಿಮ್ಮ ಹತ್ತಿರ ಜಾರಿಕೊಳ್ಳುವುದಿಲ್ಲ.

ಆಗ ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿತ್ತು, ಕೊಯಮತ್ತೂರು ಜಿಲ್ಲೆ. ಕೆಲವೇ ಮೈಲಿ ಆಚೆಯ ಯಳಂದೂರು ಮೈಸೂರಿನದು. ಅಲ್ಲಿದ್ದ ಸೋದರತ್ತೆಯ ಮನೆಗೆ ಹಬ್ಬಕ್ಕೆ ಹೋಗುವುದೆಂದರೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ನಡೆದು ಹೋಗುವುದು. ನಾನು ಕೊಳ್ಳೇಗಾಲದ ಒಂದು ಗೂಡು ಬೇಯಿಸಿ ನೂಲು ಬಿಚ್ಚುವ ಕೊಟ್ಟಿಗೆಯಲ್ಲಿ ಗುಮಾಸ್ತ. ಮೀಸೆ ಸರಿಯಾಗಿ ಚಿಗುರಿರಲಿಲ್ಲ, ಅಭಿಪ್ರಾಯಗಳು ಮಾತ್ರ ಪೊದೆಪೊದೆಯಾಗಿ ಬೆಳೆದಿದ್ದವು.

ಆ ಅಭಿಪ್ರಾಯಗಳಿಗೆ ಗೊಬ್ಬರ ಒದಗಿಸುತ್ತಿದ್ದದ್ದು ಕೆಂಬಾವುಟದ ಪಕ್ಷದ ವಾರಪತ್ರಿಕೆ. ಅಂಚೆಯಲ್ಲಿ ನನ್ನ ಬಾಡಿಗೆ ಕೋಣೆಗೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ಹೊರದೇಶದ ಸೋದರ ಪತ್ರಿಕೆಗಳ ಸುದ್ದಿ. ಪ್ಯಾರಿಸಿನಲ್ಲಿ ಭಾನುವಾರ ಬೆಳಿಗ್ಗೆ ಮೇಷ್ಟ್ರುಗಳು, ಕಮ್ಮಾರರು ಬೀದಿ ಮೂಲೆಯಲ್ಲಿ ನಿಂತು ತಮ್ಮ ಪತ್ರಿಕೆಯನ್ನು ತಾವೇ ಕೂಗಿ ಮಾರುತ್ತಾರಂತೆ. ಲಂಡನ್ನಿನಲ್ಲಿ ಓದುಗರೇ ಕೈಯಿಂದ ದುಡ್ಡು ಹಾಕಿ ಪತ್ರಿಕೆ ಉಳಿಸಿಕೊಂಡಿದ್ದಾರಂತೆ. ಯಳಂದೂರಿನಿಂದಾಚೆಗೆ ಲೋಕ ಕಾಣದ ನನಗೆ ಇದೆಲ್ಲ ನೆಂಟರ ಮನೆಯ ಸುದ್ದಿಯಷ್ಟು ಹತ್ತಿರ.

ಮಧ್ಯಾಹ್ನ ಸಾಹುಕಾರರು ಊಟಕ್ಕೆ ಮನೆಗೆ ಹೋದರೆ ಕೊಟ್ಟಿಗೆಯ ಹೆಂಗಸರೂ ಬುತ್ತಿ ಬಿಚ್ಚುತ್ತಿದ್ದರು. ಒಬ್ಬಳು ಬಾಗಿಲಲ್ಲಿ ಕಾವಲು, ನಾನು ಒಳಗೆ ಗಟ್ಟಿಯಾಗಿ ಪತ್ರಿಕೆ ಓದುವುದು. ವಿದೇಶದ ಹೆಸರು ಬಂದಾಗಲೆಲ್ಲ ನನ್ನ ನಾಲಿಗೆ ಎಡವುತ್ತಿತ್ತು. ‘ಮೆಲ್ಲುಕ್ ಓದಿ ಸಾ, ಅಲ್ಲು ಮುರುದಾವು’ ಎಂದು ನಗುತ್ತಿದ್ದರು.

ಒಂದು ದಿನ ಇಟಲಿಯ ಸುದ್ದಿ. ಅಲ್ಲಿಯೂ ಹೆಂಗಸರು ಕುದಿಯುವ ನೀರಿಗೆ ಕೈ ಹಾಕಿ ಗೂಡಿನಿಂದ ಎಳೆ ತೆಗೆಯುತ್ತಾರೆ, ಅವರಲ್ಲೊಬ್ಬಳು ಅಲ್ಲಿಯ ಪಕ್ಷದ ಪತ್ರಿಕೆಗೆ ತನ್ನ ಕಷ್ಟ ಹೇಳಿದ್ದಾಳೆ ಎಂದಿತ್ತು. ಮುಳ್ಳೂರಿನ ಪುಟ್ಟಮ್ಮ ತುತ್ತು ಬಿಟ್ಟು ಕೂತಳು. ಗಂಡ ಸತ್ತವಳು, ದಿನಾ ಮುಳ್ಳೂರಿನಿಂದ ನಡೆದು ಬರುತ್ತಿದ್ದಳು.

‘ಅಲ್ಲೂವೆ ಗೂಡ್ ಬೇಯಿಸ್ತಾರಾ ಸಾ? ಆಯಮ್ಮನ್ ಎಸ್ರೇನು?’

ಆ ಹೆಸರನ್ನು ಮತ್ತೆ ಓದಿದೆ, ಎರಡು ಸಲ ಎಡವಿ. ಅವಳು ತನ್ನ ಬಾಯಲ್ಲೇ ಒಮ್ಮೆ ಹೇಳಿಕೊಂಡಳು. ಆಮೇಲೆ ಕೈ ಎರಡನ್ನೂ ಬೆಳಕಿಗೆ ಹಿಡಿದಳು. ವರ್ಷವಿಡೀ ಆ ಕೊಟ್ಟಿಗೆಯಲ್ಲಿದ್ದ ನಾನು ಆ ಕೈಗಳನ್ನು ನೋಡಿರಲಿಲ್ಲ. ಬೆರಳುಗಳು ಬಿಳಿಚಿ ಊದಿದ್ದವು. ತುದಿಯ ಚರ್ಮ ನೆನೆಹಾಕಿದ ಅವರೆಕಾಳಿನ ಸಿಪ್ಪೆಯಂತೆ ಸಡಿಲವಾಗಿ ಸುಲಿದುಬರುತ್ತಿತ್ತು. ರಾಟೆ ತಿರುಗಿಸುವವರ ಕೈ ಮಾತ್ರ ಬಿಸಿನೀರಿಗೆ ತಾಗುತ್ತಿರಲಿಲ್ಲ. ‘ನಮ್ಗೂ ಕೈ ಬೆಂದಾಗ, ವಾಸಿ ಆಗಗಂಟ ರಾಟೆ ತಿರುಗ್ಸಕ್ ಬುಟ್ರೆ ಸಾಕು ಕನವ್ವ’ ಎಂದು ಪಕ್ಕದವಳಿಗೆ ಹೇಳಿದಳು. ನನಗಲ್ಲ, ಪಕ್ಕದವಳಿಗೆ.

ಅವತ್ತೇ ನಾನು ಅವಳ ಕೈ, ರಾಟೆಯ ಮಾತು ಎರಡನ್ನೂ ಸೇರಿಸಿ ಪತ್ರಿಕೆಗೆ ಕಾಗದ ಬರೆದೆ. ಕೆಲಸಗಾರರ ಹೆಸರು, ಊರು ಇಲ್ಲದ ದೂರನ್ನು ಅಚ್ಚು ಹಾಕುವುದಿಲ್ಲ ಎಂದು ಪತ್ರಿಕೆಯ ಕಟ್ಟುನಿಟ್ಟು. ಅವಳ ಹೆಸರು, ಊರು, ಸತ್ತ ಗಂಡನ ಹೆಸರು ಎಲ್ಲ ಬರೆದೆ. ನನ್ನ ಹೆಸರಿನ ಜಾಗದಲ್ಲಿ ‘ನಮ್ಮ ಬಾತ್ಮೀದಾರರಿಂದ’ ಎಂದಷ್ಟೇ ಹಾಕಿ ಎಂದು ಕೇಳಿಕೊಂಡೆ. ಅದನ್ನು ವಿನಯ ಎಂದುಕೊಂಡಿದ್ದೆ, ನೋಡಿ! ಅವಳನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೂ ಇಲ್ಲ. ಇಟಲಿಯವಳ ಹೆಸರು ಬಂದಿತ್ತಲ್ಲ, ನಮ್ಮ ಮುಳ್ಳೂರಿನವಳದೂ ಬರಲಿ ಎಂಬ ಉತ್ಸಾಹ.

ಮೂರನೆಯ ವಾರ ಅಚ್ಚಾಗಿ ಬಂತು. ಮಧ್ಯಾಹ್ನ ಎದ್ದು ನಿಂತು ಓದಿದೆ. ಚಪ್ಪಾಳೆ ಬೀಳಬಹುದೆಂದು ತಲೆ ಎತ್ತಿದರೆ ಹೆಂಗಸರು ಬುತ್ತಿ ಕಟ್ಟಿಡುತ್ತಿದ್ದರು. ಪುಟ್ಟಮ್ಮ ಎದ್ದು ಬಂದು ಪತ್ರಿಕೆಯ ಮೇಲೆ ಬೆರಳಿಟ್ಟಳು.

‘ಅದು ನನ್ನೆಸ್ರಲ್ವಾ ಸಾ? ಯಾಕ್ ಬರುದ್ರು?’

ಪತ್ರಿಕೆ ಮಡಿಚಿದೆ. ‘ಯಾರೋ ಬಾತ್ಮೀದಾರರು’ ಎಂದೆ.

ಎರಡು ದಿನದಲ್ಲಿ ಪೇಟೆಯ ಇನ್ನೊಬ್ಬ ಸಾಹುಕಾರರು ಅದೇ ಪತ್ರಿಕೆಯನ್ನು ನಮ್ಮ ಸಾಹುಕಾರರಿಗೆ ಕಳಿಸಿಕೊಟ್ಟರು, ನಗುವುದಕ್ಕೆ. ಇವರು ಪುಟ್ಟಮ್ಮನನ್ನು ನನ್ನ ಮೇಜಿನ ಮುಂದೆಯೇ ನಿಲ್ಲಿಸಿದರು.

‘ಬರ್ದೋನ್ ಯಾರು ಯೋಳ್ಬುಡು. ನಿನ್ನ ಕೆಲ್ಸದಲ್ಲಿ ಮಡಿಕತೀನಿ.’

‘ದಾರೀಲೋಗೋರ್ ಯಾರೋ ಕೇಳುದ್ರು ಸಾ, ಯೋಳ್ದೆ. ಅವರೆಸ್ರ ಕೇಳ್ನಿಲ್ಲ.’

ನಾನು ಗೂಡಿನ ಚೀಟಿಗಳನ್ನು ಜೋಡಿಸುತ್ತಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ. ಪಾಪ, ಇವಳಿಗೆ ಗೊತ್ತಿಲ್ಲ ಎಂದು ಒಳಗೊಳಗೇ ಸಮಾಧಾನ. ಸಾಹುಕಾರರು ಅವಳನ್ನು ಹೊರಗೆ ಕಳಿಸಿ ನನ್ನ ಕಡೆ ತಿರುಗಿದರು. ‘ಬರ್ಕೊಳಯ್ಯ. ಪುಟ್ಟಮ್ಮ ಯೋಳಿರಾದೆಲ್ಲ ಸುಳ್ಳು, ನಮ್ಗೆ ಯಾವ ತೊಂದ್ರೆಯೂ ಇಲ್ಲ ಅಂತ.’ ಬರೆದೆ. ಅದೇ ಕೈ, ಅದೇ ಪೆನ್ನು. ಹೆಂಗಸರು ಒಬ್ಬೊಬ್ಬರಾಗಿ ಬಂದು ಬೆಂದ ಹೆಬ್ಬೆಟ್ಟನ್ನು ಒತ್ತಿದರು. ಅರ್ಧದಷ್ಟು ಗುರುತು ಸರಿಯಾಗಿ ಮೂಡಲೇ ಇಲ್ಲ. ಪುಟ್ಟಮ್ಮ ಖಾಲಿ ಬುತ್ತಿ ಹಿಡಿದು ಹೋದಳು. ಪೇಟೆಯ ಯಾವ ಕೊಟ್ಟಿಗೆಯೂ ಅವಳನ್ನು ಸೇರಿಸಲಿಲ್ಲ.

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆನೇನೋ, ಮನುಷ್ಯ ಅಷ್ಟು ನೀಚ. ಕೆಲವು ತಿಂಗಳಲ್ಲಿ ಸಾಹುಕಾರರು ಸದ್ದಿಲ್ಲದೆ ಕೈ ಬೆಂದವರನ್ನು ರಾಟೆಗೆ ಕೂರಿಸತೊಡಗಿದರು. ಇನ್ನೊಮ್ಮೆ ಪತ್ರಿಕೆಯಲ್ಲಿ ಬಂದೀತೆಂಬ ಭಯ. ಎಲ್ಲರಿಗೂ ಸಿಕ್ಕಿತು, ಕೇಳಿದವಳಿಗೆ ಮಾತ್ರ ಇಲ್ಲ.

ವರ್ಷದ ಮೇಲೆ ಸೋದರತ್ತೆಯ ಮನೆಗೆ ಹೋದಾಗ ಯಳಂದೂರಿನ ಹತ್ತಿರ ಒಂದು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಪುಟ್ಟಮ್ಮ ಕಂಡಳು. ಮಗಳೊಂದಿಗೆ ಅಲ್ಲೇ ನೆಲೆಸಿದ್ದಳಂತೆ, ಅವಳೇ ಕರೆದು ಮಾತಾಡಿಸಿದಳು. ನನ್ನೊಳಗಿನ ಹೇಡಿ ಸುಮ್ಮನಿರಬೇಕಲ್ಲ. ‘ಅವತ್ತು ಬರೆದವರು ಯಾರು ಅಂತ ಆಮೇಲೆ ಗೊತ್ತಾಯ್ತಾ?’ ಎಂದು ಕೆದಕಿದೆ.

‘ಅವತ್ತೇ ಗೊತ್ತಿತ್ತಲ್ಲ ಸಾ. ಎಲ್ಲಾರ್ಗೂ ಗೊತ್ತಿತ್ತು. ಬ್ಯಾರೆ ಸುದ್ದಿ ಓದ್ವಾಗ ಎಜ್ಜೆಜ್ಜೆಗೂ ಎಡುವ್ತಿದ್ರಿ. ಅದ ಮಾತ್ರ ನೀರ್ ಕುಡ್ದಂಗ್ ಓದ್ಬುಟ್ರಿ. ಬರ್ದೋರಲ್ದೆ ಇನ್ಯಾರ್ ಅಂಗ್ ಓದಾರು?’

ಅಕ್ಷರ ಬಾರದ ಅಷ್ಟೂ ಹೆಂಗಸರು ನನ್ನನ್ನು ಓದಿಕೊಂಡಿದ್ದರು. ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ. ಸಾಹುಕಾರರಿಗೆ ಯಾಕೆ ಹೇಳಲಿಲ್ಲ, ಕೆಲಸ ಉಳಿಯುತ್ತಿತ್ತಲ್ಲ ಎಂದು ತೊದಲಿದೆ.

‘ನಿಮ್ಮ ಓಡುಸ್ಬುಟ್ರೆ ಆ ಎಣ್ಮಕ್ಳಿಗೆ ಪೇಪರ್ ಓದೋರ್ಯಾರು ಸಾ? ಈಗ್ಲೂ ಓದೀರಾ ತಾನೆ?’

ನಾನು ‘ಹೂಂ’ ಎಂದೆ. ಅವಳ ಕೆಲಸ ಹೋದ ದಿನವೇ ಪತ್ರಿಕೆ ನಿಲ್ಲಿಸಿದ್ದೆ. ಹಳೆಯವನ್ನೆಲ್ಲ ಒಲೆಗೆ ಹಾಕಿದ್ದೆ. ಆ ಕೊಟ್ಟಿಗೆಯಲ್ಲಿ ಆಮೇಲೆ ನಾನು ಒಂದು ಸಾಲನ್ನೂ ಓದಿರಲಿಲ್ಲ.

ಮೊನ್ನೆ ಆ ಸಂದಿಯಿಂದ ಹೊರಬಂದವನು ಸೀರೆಯ ಕೆಲಸವನ್ನು ಮೊಮ್ಮಗಳಿಗೆ ಬಿಟ್ಟು ಯಳಂದೂರಿನ ಬಸ್ಸು ಹತ್ತಿದೆ. ಇಷ್ಟು ವರ್ಷದ ಮೇಲೆ ಬಂದ ಬುದ್ಧಿ. ತೋಟದ ಹತ್ತಿರ ಕೇಳಿಕೊಂಡು ಮನೆ ಹುಡುಕಿದರೆ ಪುಟ್ಟಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ನನ್ನ ಗುರುತು ಕೇಳಿ, ಮುಖ ಅರಳಿಸಿ ಚಾಪೆ ಹಾಸಿದಳು.

‘ನೀವೇ ಏನ್ ಸಾ ಪೇಪರ್ ಓದ್ತಿದ್ದೋರು? ನಮ್ಮವ್ವ ಸಾಯಗಂಟ ಯೋಳಳು. ನನ್ ಕೆಲ್ಸ ವೋದ್ರ್ ವೋಗ್ಲಿ ಕನವ್ವ, ಅಲ್ಲಿ ಪೇಪರ್ ಓದಾದು ನಿಲ್ನಿಲ್ಲ ಅಂತ.’

ಕಾಪಿ ತರಲು ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಈಗಲೂ ಎದ್ದು ಹೊರಟುಬಿಡಬಹುದಿತ್ತು. ಅವಳು ಬರುವವರೆಗೆ ಕೂತಿದ್ದು ಹೇಳಿದೆ.

‘ನಿಮ್ಮವ್ವನಿಗೆ ಸುಳ್ಳು ಹೇಳಿದ್ದೆ ತಾಯಿ. ಅವಳ ಕೆಲಸ ಹೋದ ದಿನವೇ ಓದುವುದು ನಿಲ್ಲಿಸಿದೆ.’

ಅವಳು ನನ್ನನ್ನು ನೋಡುತ್ತ ನಿಂತಳು. ಕಾಪಿಯ ಲೋಟವನ್ನು ನನಗೆ ಕೊಡಲಿಲ್ಲ, ಒಳಕ್ಕೂ ಒಯ್ಯಲಿಲ್ಲ.