ಅತ್ತೆ ಕೊಟ್ಟ ಗಟ್ಟಿ ತುತ್ತು

ರಾಗಿ ಹಿಟ್ಟನ್ನು ಬಟ್ಟೆಯಲ್ಲಿ ಸೋಸುವಾಗ ನಮ್ಮ ಅತ್ತೆಯ ಕೈ ಮೊಣಕೈವರೆಗೂ ಬೂದಿ ಬಳಿದಂತೆ ಕಾಣುತ್ತಿತ್ತು. ತೀರಿಹೋದ ಮಾವನವರ ಹಳೆಯ ಪಂಚೆಯ ತುಂಡನ್ನು ಪಾತ್ರೆಯ ಬಾಯಿಗೆ ಬಿಗಿದು ಕಟ್ಟಿ, ಹಿಟ್ಟು ಸುರಿದು, ಅಂಗೈಯಿಂದ ಆಡಿಸುತ್ತಿದ್ದರು. ಕೆಳಗಿಳಿದದ್ದನ್ನು ಇನ್ನೊಮ್ಮೆ ಹಾಗೆಯೇ ಸೋಸುತ್ತಿದ್ದರು. ಅದರಲ್ಲಿ ಮಗುವಿಗೆಂದು ಕಾಯಿಸಿದ ಸರಿ ಚಮಚದಿಂದ ಹಾಲಿನಂತೆ ಇಳಿಯಬೇಕು. ಇಳಿಯದಿದ್ದರೆ ಮತ್ತಷ್ಟು ಬಿಸಿನೀರು.

"ನಾಲಿಗೆಗೇ ಗೊತ್ತಾಗ್ಬಾರ್ದು ಕಣಮ್ಮ, ಹಂಗೆ ಇಳಿದ್ಹೋಗ್ಬೇಕು," ಅನ್ನುತ್ತಿದ್ದರು.

ಹಲಸೂರಿನ ಆ ಮನೆಯಲ್ಲಿ ಹಗಲೆಲ್ಲ ನನ್ನ ಮಗ ಅವರ ಕೈಯಲ್ಲೇ ಇರುತ್ತಿದ್ದ. ನಾನು ಸಿ.ವಿ. ರಾಮನ್ ನಗರದ ಕಚೇರಿಯಿಂದ ಬರುವಷ್ಟರಲ್ಲಿ ಅವನ ಸ್ನಾನ, ನಿದ್ದೆ, ಊಟ ಎಲ್ಲ ಮುಗಿದಿರುತ್ತಿತ್ತು. ಅತ್ತೆ ಗಟ್ಟಿ ದನಿಯವರು. ಹೂವಿನವಳೊಂದಿಗೆ ತಮಿಳಿನಲ್ಲಿ ಜಗಳವಾಡಿ ಕನ್ನಡದಲ್ಲಿ ರಾಜಿಯಾಗುತ್ತಿದ್ದರು. ನನಗೆ ಮಾತು ಕಡಿಮೆ. ಅದನ್ನು ಅವರು ಎಂದೂ ಆಡಿಕೊಳ್ಳಲಿಲ್ಲ.

ಮಗನಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ತೂಕ ಏರುವುದು ನಿಂತಿತ್ತು. ತೆಳು ಸರಿಯಿಂದ ಹೊಟ್ಟೆ ತುಂಬುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಅನ್ನ ಬೇಳೆ ಕಿವುಚಿ ಕೊಡೋಣವೆಂದರೆ "ಹಲ್ಲು ಬರ್ಲಿ" ಎಂದರು. ಹಲ್ಲು ಬಂತು. "ದವಡೆ ಹಲ್ಲು ಬರ್ಲಿ" ಎಂದರು. "ನಿನ್ ಗಂಡನೂ ಇದನ್ನೇ ಕುಡಿದು ಇಷ್ಟುದ್ದ ಆಗಿರೋದು. ಬುದ್ಧಿ ಬೆಳೀಲಿಲ್ಲ, ಅದಕ್ಕೆ ನಾನೇನ್ ಮಾಡ್ಲಿ?"

ಒಂದು ಭಾನುವಾರ ನಾನೇ ಅನ್ನ ಕಿವುಚಿ ಬಾಯಿಗಿಟ್ಟೆ. ಮಗು ಓಕರಿಸಿತು. ಅತ್ತೆ ಓಡಿಬಂದು ಬಟ್ಟಲು ಕಿತ್ತುಕೊಂಡರು.

"ಮಗೂನ ಕೊಲ್ತೀಯಾ?"

ಮರುದಿನ ಸಂಜೆ ನಾನೂ ನನ್ನ ಗಂಡನೂ ಮಗುವನ್ನು ಎತ್ತಿಕೊಂಡು ಇಂದಿರಾನಗರದ ಮಕ್ಕಳ ಡಾಕ್ಟರ ಹತ್ತಿರ ಹೊರಟಾಗ ಅವರೂ ಜೊತೆಗೆ ಬಂದರು. ಡಾಕ್ಟರು ತೂಕ ನೋಡಿ, "ಯಾಕಜ್ಜಿ ಗಟ್ಟಿ ಊಟ ಕೊಡ್ತಿಲ್ಲ?" ಎಂದು ಕೇಳಿದರು.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಮೊದ್ಲು ಒಂದು ಹೆಣ್ಣು ಹುಟ್ಟಿತ್ತು. ಇವನಷ್ಟೇ ಇತ್ತು. ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಾಕೊಂಡು ನನ್ ಮಡಿಲಲ್ಲೇ ಹೋಯ್ತು."

ನನ್ನ ಗಂಡ ಪಕ್ಕದಲ್ಲೇ ನಿಂತಿದ್ದರು. ತಮಗೊಬ್ಬಳು ಅಕ್ಕ ಇದ್ದಳೆಂಬುದು ಅವರಿಗೆ ತಿಳಿದದ್ದು ಆಗಲೇ.

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ನಿಮ್ಮ ಭಯ ಸುಳ್ಳಲ್ಲಜ್ಜಿ. ಕೊಬ್ಬರಿ ಚೂರು, ಕಡ್ಲೆಬೀಜ ಈಗ್ಲೂ ಬೇಡ. ಕಿವುಚಿದ ಅನ್ನ ಬೇರೆ. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪ ಕೊಡಿ. ಕೆಮ್ಮಿದ್ರೆ ಕೆಮ್ಲಿ, ಉಸಿರಾಡ್ತಿದಾನೆ ಅಂತ ಅರ್ಥ."

ಮರುದಿನ ಬೆಳಿಗ್ಗೆ ಅತ್ತೆ ಉಣಿಸುವ ಕೆಲಸವನ್ನು ನನಗೇ ಬಿಡುತ್ತಾರೆಂದುಕೊಂಡಿದ್ದೆ. ಆದರೆ ಅವರು ಉಗುರು ಕತ್ತರಿಸಿಕೊಂಡು, ಕೈ ತೊಳೆದು, ಬಿಸಿ ಅನ್ನಕ್ಕೆ ಬೇಳೆ, ತುಪ್ಪ ಹಾಕಿ ಬೆರಳ ತುದಿಯಲ್ಲಿ ಕಿವುಚತೊಡಗಿದರು. ಅಗುಳು ಮುರಿಯಿತು, ಪೂರಾ ಕರಗಲಿಲ್ಲ. ಅಲ್ಲಿಗೆ ನಿಲ್ಲಿಸಿದರು.

"ನೀನು ಎದುರಿಗೇ ಕೂತ್ಕೋ. ಎಲ್ಲೂ ಹೋಗ್ಬೇಡ."

ಮೊದಲ ತುತ್ತಿಗೆ ಮಗು ಮುಖ ಕಿವುಚಿತು, ಕೆಮ್ಮಿತು. ಅತ್ತೆಯ ಇಡೀ ಮೈ ಏಳಲು ಹೊರಟಿತು. ಏಳಲಿಲ್ಲ. "ಕೆಮ್ಮು ನನ್ನಪ್ಪ, ಕೆಮ್ಮು," ಎಂದು ಪಿಸುಗುಟ್ಟಿದರು. ಮಗು ನುಂಗಿ ಮತ್ತೆ ಬಾಯಿ ತೆರೆಯಿತು. ಎರಡನೆಯ ತುತ್ತು ಕೊಡುವಾಗ ಅವರ ಎಡಗೈ ಮಗುವಿನ ಬೆನ್ನ ಮೇಲೇ ಇತ್ತು.

ಆ ಭಯ ಕೊನೆಯವರೆಗೂ ಹೋಗಲಿಲ್ಲ. ಭಯಪಡುತ್ತಲೇ ಅವನನ್ನು ಬೆಳೆಸಿದರು.

ಹೋದ ವರ್ಷ ಹೃದಯಾಘಾತವಾಗಿ ಅತ್ತೆ ತೀರಿಕೊಂಡರು. ತಿಥಿಯ ದಿನ ಅವರ ಇಷ್ಟದ ಅಡುಗೆಯನ್ನೆಲ್ಲ ಎಡೆಯಿಟ್ಟಾಗ, ನನ್ನ ಗಂಡ ಯಾರನ್ನೂ ಕೇಳದೆ ಪಕ್ಕದಲ್ಲಿ ಇನ್ನೊಂದು ಚಿಕ್ಕ ಬಾಳೆಲೆ ಹಾಸಿದರು.

"ಇದ್ಯಾರಿಗೋ?" ಎಂದರು ಅವರ ಚಿಕ್ಕಮ್ಮ.

"ಅಕ್ಕನಿಗೆ."

ಅಷ್ಟು ಚಿಕ್ಕವಳಿಗೆ ಏನು ಬಡಿಸಬೇಕೆಂದು ಯಾರಿಗೂ ತೋಚಲಿಲ್ಲ. ನಾನು ಮುಂದೆ ಹೋಗಿ ಅನ್ನ, ಬೇಳೆ, ತುಪ್ಪ ಹಾಕಿ, ಅತ್ತೆ ಕಿವುಚುತ್ತಿದ್ದ ಹದಕ್ಕೇ ಕಿವುಚಿಟ್ಟೆ.