ಹೆಸರಿರುವ ಮೆಟ್ಟಿಲಿಗೆ ಉಳಿ ಮುಟ್ಟಿಸುವಂತಿಲ್ಲ

ಮೂಡಲು ಕೆಂಪಾಗುವ ಮೊದಲೇ ಕರಿಗುಂಡಿನ ರಂಗಪ್ಪನ ಬೆಟ್ಟದಲ್ಲಿ ಟಕ್ ಟಕ್ ಸದ್ದು ಶುರುವಾಗಿದೆ. ಕೆಳಗೆ ಚಿತ್ರದುರ್ಗದ ಪೇಟೆ ಇನ್ನೂ ಹಾಸಿಗೆ ಬಿಟ್ಟಿಲ್ಲ. ಹನುಮಮ್ಮ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಸವೆದು ನುಣುಪಾದ ಕಲ್ಲನ್ನು ಉಳಿಯಿಂದ ಚುಚ್ಚಿ ಒರಟು ಮಾಡುತ್ತಿದ್ದಾರೆ. ಇವತ್ತು ಶನಿವಾರ, ಸ್ವಲ್ಪ ಹೊತ್ತಿಗೆಲ್ಲ ಭಕ್ತರ ಸಾಲು ಹತ್ತುತ್ತದೆ.

"ಪಕ್ಕಕ್ಕೆ ಬರ್ರಿ ಸ್ವಾಮಿ, ಚಕ್ಕೆ ಕಣ್ಣಿಗೆ ಸಿಡಿತೈತೆ," ಎಂದು ಪತ್ರಿಕೆಗೆ ಬರೆಯಲು ಬಂದ ನನ್ನನ್ನೇ ಗದರಿಸುತ್ತಾರೆ.

ಇವರದು ಊರೂರು ತಿರುಗಿ, ಸವೆದ ಬೀಸುವ ಕಲ್ಲನ್ನು ಹೀಗೇ ಉಳಿಯಿಂದ ಚುಚ್ಚಿ ಕಕ್ಕು ಹಾಕುತ್ತಿದ್ದ ಮನೆತನ. ಹೊಳಲ್ಕೆರೆ ಕಡೆ ಇವರ ಕೂಗು ಕೇಳಿದರೆ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಬಂತು, ಕೂಗು ನಿಂತಿತು. ಗಂಡ ಕಲ್ಲಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ತೀರಿಕೊಂಡ. ಹನುಮಮ್ಮನ ಕೈ ಹಿಡಿದದ್ದು ಈ ಮೆಟ್ಟಿಲು. ಸಾವಿರಾರು ಬರಿಗಾಲು, ಚೆಲ್ಲಿದ ದೀಪದೆಣ್ಣೆ, ತೆಂಗಿನಕಾಯಿ ನೀರು ಸೇರಿ ವರ್ಷ ತುಂಬುವಷ್ಟರಲ್ಲಿ ಕಲ್ಲು ಜಾರತೊಡಗುತ್ತದೆ; ಅದಕ್ಕೆ ಮತ್ತೆ ಕಕ್ಕು ಹಾಕಲು ಗುಡಿಯವರು ಇವರಿಗೆ ಕೂಲಿ ಕೊಡುತ್ತಾರೆ.

ಕೆಲವು ವರ್ಷದ ಹಿಂದೆ ಗುಡಿಯ ಕಮಿಟಿಗೆ ಹೊಸ ಭಕ್ತಿ ಹುಟ್ಟಿತು. ದಾನಿಗಳ ಹೆಸರನ್ನು ಮೆಟ್ಟಿಲ ಮೇಲೆ ಕೊರೆಸಬೇಕು. ಭಕ್ತರ ಪಾದಧೂಳಿ ಅದರ ಮೇಲೆ ಬಿದ್ದರೆ ಪುಣ್ಯವಂತೆ. ಓದು ಬಾರದ ಹನುಮಮ್ಮ ಎಣ್ಣೆ ಮಿಲ್ಲಿನ ಸಾಹುಕಾರ ಪರಮೇಶ್ವರಪ್ಪನವರ ಹೆಸರಿನ ಮೇಲೇ ಉಳಿ ಆಡಿಸಿಬಿಟ್ಟರು.

"ನಂಗೇನು ಗೊತ್ರಿ? ಯಾರೋ ಕೆಲ್ಸ ಬರದೋರು ಕಕ್ಕು ಹಾಕವ್ರೆ, ಸರಿಯಾಗಿ ಬಿದ್ದಿಲ್ಲ ಅಂದ್ಕಂಡೆ." ಹೇಳುವಾಗ ಅವರಿಗೇ ನಗು.

ಸಾಹುಕಾರರಿಗೆ ನಗು ಬರಲಿಲ್ಲ. ಊರವರ ಪಾದವೆಲ್ಲ ಬೀಳಲಿ ಎಂದವರಿಗೆ ಬಡವಿಯ ಉಳಿ ಬಿದ್ದದ್ದು ಅಪಮಾನವಾಯಿತು. ಹೆಸರನ್ನು ಮತ್ತೆ ಕೊರೆಸಿದರು. ಹೆಸರಿರುವ ಮೆಟ್ಟಿಲಿಗೆ ಉಳಿ ಮುಟ್ಟಿಸಕೂಡದು ಎಂದು ಕಮಿಟಿ ಕಟ್ಟಪ್ಪಣೆ ಮಾಡಿತು. ಆ ಮೆಟ್ಟಿಲುಗಳು ನುಣುಪಾಗುತ್ತಲೇ ಹೋದವು. ಕಳೆದ ಶ್ರಾವಣದಲ್ಲಿ ತಾಳ್ಯದಿಂದ ಹರಕೆ ಹೊತ್ತು ಬಂದ ಮುದುಕಿ ಬರಗೇರಮ್ಮ ಸಾಹುಕಾರರ ಹೆಸರಿನ ಮೇಲೆ ಜಾರಿ ಸೊಂಟ ಮುರಿದುಕೊಂಡರು. ಇವತ್ತಿಗೂ ಹಾಸಿಗೆ ಬಿಟ್ಟು ಎದ್ದಿಲ್ಲ.

ಕಮಿಟಿ ತಪ್ಪು ಹೊರಿಸಿದ್ದು ಹನುಮಮ್ಮನ ಮೇಲೆ! ಕೆಲಸ ಸರಿಯಾಗಿ ಮಾಡಿಲ್ಲವಂತೆ.

ಮತ್ತೆ ಶ್ರಾವಣ ಹತ್ತಿರ ಬಂದಿದೆ. ಹೊಸ ಹೊಸ ಹೆಸರುಗಳು ಬೆಟ್ಟ ಹತ್ತುತ್ತಿವೆ. ಈ ಸಲ ಯಾರಾದರೂ ಬಿದ್ದರೆ ಹನುಮಮ್ಮನನ್ನು ಕೆಲಸದಿಂದ ತೆಗೆಯುತ್ತಾರೆ. ಆ ಮೆಟ್ಟಿಲಿಗೂ ಉಳಿ ಹೊಡೆಯಲು ಬಿಡಬಾರದೇ ಎಂದು ಕಮಿಟಿಯ ಅಧ್ಯಕ್ಷ ಜಂಬಣ್ಣನವರನ್ನು ಕಂಡು ಕೇಳಿದೆ. "ದಾನಿಗಳ ಮನಸ್ಸು ನೋಯಿಸಾಕಾಗ್ತೈತೇನ್ರಿ? ದೇವ್ರು ನೋಡ್ಕಂತಾನೆ ಬಿಡ್ರಿ," ಎಂದು ಕೈಗೆ ಪ್ರಸಾದ ಕೊಟ್ಟು ಕಳಿಸಿದರು.

ದೇವರು ಇನ್ನೂ ನೋಡಿದಂತಿಲ್ಲ. ನೋಡಿಕೊಳ್ಳುತ್ತಿರುವವರು ಹನುಮಮ್ಮ. ಬಿಸಿಲೇರಿ ಜನ ಹೆಚ್ಚಿದಾಗ ಉಳಿ ಕೆಳಗಿಟ್ಟು, ಹೆಸರಿರುವ ಮೆಟ್ಟಿಲ ಪಕ್ಕ ನಿಲ್ಲುತ್ತಾರೆ. "ಇದನ್ನ ತುಳಿಬ್ಯಾಡ್ರವ್ವಾ, ದಾಟ್ರಿ," ಎನ್ನುತ್ತಾ ಮುದುಕಿಯರ ರಟ್ಟೆ ಹಿಡಿದು ಹತ್ತಿಸುತ್ತಾರೆ. ಪಾದಧೂಳಿ ಬೇಡಿದ ಸಾಹುಕಾರರ ಹೆಸರಿನ ಮೇಲೆ ಈಗ ಯಾರ ಪಾದವೂ ಬೀಳುತ್ತಿಲ್ಲ.

ನಿಮಗೇನಾಗಬೇಕು ಹೇಳಿ, ಬರೆಯುತ್ತೇನೆ ಎಂದೆ. ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡರು.

"ಆ ಹೆಸರಿನ ಮಗ್ಗಲಾಗೆ ಒಂದು ಪಾದ ಊರೋವಷ್ಟು ಜಾಗ ಕೊಡಿಸ್ರಿ ಸಾಕು, ಉಳಿ ಹೊಡಿತೀನಿ. ಅವರ ಹೆಸ್ರು ಅವರಿಗಿರ್ಲಿ. ಹತ್ತೋರ ಸೊಂಟ ಹತ್ತೋರಿಗಿರ್ಲಿ."